180 ಬಾರ್ ಹೋಸು, ನಾಲ್ಕೈದು ಬಾರ್ ಆಯಿಲ್ಲು

ನಮ್ಮ ಕಾಲೇಜಿನ ಟೂ ವ್ಹೀಲರ್ ಪಾರ್ಕಿಂಗ್‌ನಲ್ಲಿ ಒಂದು ರೌಂಡ್ ಹಾಕಿ ಬನ್ನಿ. ಆಯಿಲ್ ಕೂಲರ್ ಇರುವ ಬೈಕ್ ಕಂಡಲ್ಲೆಲ್ಲ ಸ್ವಲ್ಪ ಬಗ್ಗಿ ನೋಡಿ. ಕಂಪನಿಯ ಕಪ್ಪು ರಬ್ಬರ್ ಹೋಸ್ ಕಿತ್ತು ಹೊಳೆಯುವ ಸ್ಟೀಲ್ ಜಡೆಯ ಹೋಸ್ ಹಾಕಿಸಿಕೊಂಡವು ಮೂರು ನಾಲ್ಕಾದರೂ ಸಿಗುತ್ತವೆ. ಒಂದಕ್ಕಂತೂ ನೀಲಿ ಸಿಲಿಕಾನ್ ಪೈಪ್ ತುರುಕಿ ಎರಡೂ ಕಡೆ ಕ್ಲಿಪ್ ಬಿಗಿದಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಅಪ್‌ಗ್ರೇಡ್ ಮಗಾ."

ಯಾವುದರಿಂದ ಯಾವುದಕ್ಕೆ ಅಪ್‌ಗ್ರೇಡ್ ಅಂತ ಕೇಳಿ, ಮಾತು ಅಲ್ಲಿಗೇ ನಿಲ್ಲುತ್ತೆ. ಇದನ್ನು ನಾವು ದೊಡ್ಡವರ ಥರ ಹೇಳ್ತಿಲ್ಲ. ನಾವು ಮೂವರೂ ಇದೇ ಕೆಲಸ ಮಾಡಿದವರು, ಮಧುಗಿರಿ ತಾಲ್ಲೂಕಿನ ಮಿಡಿಗೇಶಿಯಲ್ಲಿ, ನಮ್ಮಲ್ಲೊಬ್ಬನ ಮನೆ ಮುಂದೆ, ಬೇವಿನ ಮರದ ಕೆಳಗೆ ಕೂತು. ಅರ್ಧ ಸರಿಯಾಗಿ ಮಾಡಿದ್ವಿ, ಅರ್ಧ ತಪ್ಪಾಗಿ. ಆ ತಪ್ಪಿನ ಮೇಲೆ ಅವನ ಅಪ್ಪ ಅಮ್ಮ ಎರಡೂವರೆ ತಿಂಗಳು ಓಡಾಡಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ನಮ್ಮ ಜಾಣತನದಿಂದಲ್ಲ, ಅದೃಷ್ಟದಿಂದ.

ನಾವು ಹೇಳೋಕೆ ಹೊರಟಿರೋದು ಇಷ್ಟು. ಆಯಿಲ್ ಕೂಲರ್ ಹೋಸ್ ಹಾಳಾಗೋದು ಒತ್ತಡಕ್ಕಲ್ಲ, ಬಿಸಿಗೆ, ವಯಸ್ಸಿಗೆ, ಉಜ್ಜಾಟಕ್ಕೆ. ನಾವು ಅಪ್‌ಗ್ರೇಡ್ ಅಂತ ದುಡ್ಡು ಸುರಿಯೋದು ಮಾತ್ರ ಒತ್ತಡ ತಡೆಯೋ ತಾಕತ್ತಿಗೆ.

ಇಸಿ, ಸಿಎಸ್‌ನವರಿಗಾಗಿ ಮೊದಲು ಕೂಲರ್ ವಿಷಯ. ಎಂಜಿನ್ ಆಯಿಲ್‌ಗೆ ಎರಡು ಕೆಲಸ. ಉಜ್ಜುವ ಭಾಗಗಳ ನಡುವೆ ಪದರವಾಗಿ ನಿಲ್ಲಬೇಕು, ಜೊತೆಗೆ ಎಂಜಿನ್ ಒಳಗಿನ ಬಿಸಿಯನ್ನು ಹೊತ್ತುಕೊಂಡು ಬರಬೇಕು. ಆ ಬಿಸಿ ಎಣ್ಣೆಯನ್ನು ಪಂಪು ಒಂದು ಹೋಸ್ ಮೂಲಕ ಕೂಲರ್‌ಗೆ ತಳ್ಳುತ್ತೆ. ಗಾಳಿಗೆ ಎದುರಾಗಿ ನಿಂತ ಅಲ್ಯೂಮಿನಿಯಂ ಫಿನ್‌ಗಳ ಮಧ್ಯೆ ಹಾದು, ಒಂದಿಷ್ಟು ತಣ್ಣಗಾಗಿ, ಇನ್ನೊಂದು ಹೋಸ್‌ನಲ್ಲಿ ಎಂಜಿನ್‌ಗೆ ವಾಪಸ್. 1985ರ ಸುಜುಕಿ ಜಿಎಸ್‌ಎಕ್ಸ್-ಆರ್ 750 ರೇಸ್ ಬೈಕಿನಂಥ ಎಂಜಿನ್ನನ್ನೇ ಎಣ್ಣೆಯಿಂದ ತಣ್ಣಗಿಟ್ಟು ಹೆಸರು ಮಾಡಿತು. ನಮ್ಮ ಕಡೆ ಪಲ್ಸರ್ 220, ಹಿಮಾಲಯನ್ 411, ಇಂಟರ್‌ಸೆಪ್ಟರ್ 650 ಇವೆಲ್ಲ ಕೂಲರ್ ಇರೋ ಗಾಡಿಗಳೇ. 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿಗಳಿಗೆ ಈ ತಲೆನೋವು ಇರಲಿಲ್ಲ. ಅವು ಟೂ ಸ್ಟ್ರೋಕ್, ಎಣ್ಣೆ ಪೆಟ್ರೋಲ್ ಜೊತೆಗೇ ಸುಟ್ಟು ಹೋಗುತ್ತಿತ್ತು. (ತಲೆನೋವು ಹಿಂದಿನ ಗಾಡಿಯವನಿಗೆ.)

ಹೋಸ್ ಕಿತ್ತುಬಂದರೆ ಏನಾಗುತ್ತೆ? ಪಂಪಿಗೆ ಗೊತ್ತಾಗಲ್ಲ. ಎಂಜಿನ್ ತಿರುಗುವಷ್ಟು ಹೊತ್ತು ಅದು ಎಣ್ಣೆಯನ್ನು ರೋಡಿಗೆ ಸುರೀತಾನೇ ಇರುತ್ತೆ. ಒಳಗಿರೋದೇ ಒಂದು ಲೀಟರ್ ಚಿಲ್ಲರೆ. ಅದು ಖಾಲಿಯಾದ ಮೇಲೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಅದಾದರೂ ದುಡ್ಡಿನ ಲಾಸು. ಅದಕ್ಕಿಂತ ಕೆಟ್ಟದ್ದು, ಸುರಿದ ಎಣ್ಣೆ ಗಾಳಿಗೆ ಹಿಂದಕ್ಕೆ ಹಾರುತ್ತೆ. ಕೂಲರ್ ಹಿಂದೆ ಇರೋದು ಕೆಂಪಗೆ ಕಾದ ಸೈಲೆನ್ಸರ್ ಬೆಂಡು, ಓಡಿಸುವವರ ಕಾಲು, ಆಮೇಲೆ ಹಿಂದಿನ ಟೈರು.

ಸಂಕ್ರಾಂತಿ ರಜೆಗೆ ಇಬ್ಬರು ಬೈಕಲ್ಲಿ, ಒಬ್ಬ ಬಸ್ಸಲ್ಲಿ ಹೊರಟಿದ್ವಿ. ಹತ್ತು ವರ್ಷ ಹಳೇ ಸೆಕೆಂಡ್ ಹ್ಯಾಂಡ್ ಗಾಡಿ. ಕಾಲೇಜಲ್ಲಿ ಒಂದು ವರ್ಷ ಓಡಿಸಿ ಆಗಿತ್ತು, ಇನ್ಮೇಲೆ ಅಪ್ಪ ಓಡಿಸಲಿ ಅಂತ ಊರಿಗೆ ಬಿಡೋಕೆ ಹೋಗ್ತಿದ್ದದ್ದು. (ಗೆಳೆಯನ ಅಪ್ಪ. ಆ ಮನೆಯಲ್ಲಿ ನಾವೂ ಅವರನ್ನ ಹಾಗೇ ಕರೆಯೋದು, ಇಲ್ಲೂ ಹಾಗೇ ಬರೀತೀವಿ.) ಕೊರಟಗೆರೆ ದಾಟಿ ಮಧುಗಿರಿ ಬೆಟ್ಟದ ಕೆಳಗೆ ಟೀಗೆ ನಿಲ್ಲಿಸಿದಾಗ ಸುಟ್ಟ ಬಾಣಲೆ ವಾಸನೆ ಬಂತು. ನೋಡಿದರೆ ಸೈಲೆನ್ಸರ್ ಬೆಂಡಿನ ಮೇಲೆ ಹನಿ ಬಿದ್ದು ಹೊಗೆ, ಓಡಿಸ್ತಿದ್ದವನ ಶೂ ಮೇಲೆ ಕಪ್ಪು ಪಸೆ. ಕೂಲರ್ ಹೋಸ್ ಫ್ರೇಮಿನ ಪಕ್ಕ ಹಾದುಹೋಗುವ ಜಾಗದಲ್ಲಿ ರಬ್ಬರ್ ಸೀಳಿತ್ತು. ಅಲ್ಲಿಂದ ಮಿಡಿಗೇಶಿಗೆ ಸುಮಾರು 20 ಕಿಲೋಮೀಟರ್. ಅಲ್ಲಲ್ಲಿ ನಿಲ್ಲಿಸಿ, ಎಣ್ಣೆ ಕಾಣೋ ಗಾಜಿನ ಕಣ್ಣಿಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡ್ಕೊಂಡು ಹೋದ್ವಿ. ರಸ್ತೆ ಮೇಲೆ ಹುರುಳಿ, ರಾಗಿ ಹರವಿದ್ದ ಕಾಲ. ಹೊಟ್ಟಿನ ಮೇಲೆ ಬೈಕ್ ಜಾರೋ ಭಯ ಬೇರೆ.

ಮನೆ ಮುಂದೆ ನಿಲ್ಲಿಸಿದಾಗ ಅಪ್ಪ ಅಂದಿದ್ದು: "ಏನ್ರಪ್ಪ, ಮಧುಗಿರಿಯಿಂದ ಇಲ್ಲೀಗಂಟ ರಂಗೋಲಿ ಬಿಟ್ಕಂಡ್ ಬಂದಿದ್ದೀರ?"

ರಾತ್ರಿ ಮೂವರೂ ಫೋನ್ ಹಿಡಿದು ಕೂತ್ವಿ. ನಮಗೂ ಮೊದಲು ಕಣ್ಣಿಗೆ ಬಿದ್ದಿದ್ದು ಸ್ಟೀಲ್ ಜಡೆಯ ಕಿಟ್. ಬೆಲೆ ನಮ್ಮ ಎರಡು ತಿಂಗಳ ಮೆಸ್ ಬಿಲ್ ಹತ್ತಿರ, ಬರೋಕೆ ಒಂದು ವಾರ. ಕಂಪನಿ ಹೋಸ್ ಆರ್ಡರ್ ಮಾಡಿದರೂ ನಾಲ್ಕೈದು ದಿನ. ಅಷ್ಟರಲ್ಲಿ ರಜೆ ಮುಗೀತಿತ್ತು. ಆಗ ಅಪ್ಪನೇ ದಾರಿ ತೋರಿಸಿದ್ದು, ಮಧುಗಿರಿಯಲ್ಲಿ ಟ್ರ್ಯಾಕ್ಟರ್, ಜೆಸಿಬಿ, ಬೋರ್‌ವೆಲ್ ಲಾರಿಗಳಿಗೆ ಹೋಸ್ ಕಟ್ ಮಾಡಿ ಪ್ರೆಸ್ ಮಾಡಿಕೊಡೋ ಅಂಗಡಿ. ಸಾವಿರ ಅಡಿ ಕೊರೆದರೂ ನೀರು ಬಂದರೆ ಬಂತು ಅನ್ನೋ ಸೀಮೆ ಇದು. ಕೊರೆಯೋ ಲಾರಿಗೆ ಹೋಸ್ ಹೋದರೆ ರಾತ್ರಿಯಾದರೂ ಅಂಗಡಿ ಬಾಗಿಲು ತಟ್ಟುತ್ತಾರೆ. ಹಾಗಾಗಿ ಹೋಸ್ ಬಗ್ಗೆ ತಿಳಿದವರು ಇಲ್ಲಿ ಇದ್ದೇ ಇರ್ತಾರೆ.

ಅಂಗಡಿಯವರು ಹಳೇ ಪೈಪ್ ತಗೊಂಡು ಬಗ್ಗಿಸಿದರು, ಮೂಸಿದರು, "ಯಾವ ಎಣ್ಣೆ ಹೋಗ್ತದೆ? ಬಿಸಿ ಎಷ್ಟು ಬತ್ತದೆ?" ಅಂದರು. ಬಿಸಿ ಎಷ್ಟು ಅಂತ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿರೋ ಉತ್ತರ ಬರೆಯೋದು ನಮ್ಮ ಎಕ್ಸಾಮ್ ಅಭ್ಯಾಸ. "ಪ್ರೆಶರ್ ಎಷ್ಟು ತಡೆಯುತ್ತೆ ಅಣ್ಣ?" ಅಂತ ತಿರುಗಿ ಕೇಳಿದ್ವಿ.

"ನೂರೆಂಬತ್ತು ಬಾರ್. ಜೆಸಿಬಿ ಬಕೆಟ್ಟೇ ಎತ್ತದೆ, ನಿಮ್ ಬೈಕ್ ಯಾವ ಲೆಕ್ಕ. ಆದ್ರೆ ಬಿಸಿಗೆ ಪೆಡಸಾಗ್ತದೆ, ನೋಡ್ಕಳ್ರಪ್ಪ."

"ಹೂಂ ಅಣ್ಣ" ಅಂದ್ವಿ ಮೂವರೂ.

ಈ "ಹೂಂ" ಬಗ್ಗೆ ಸ್ವಲ್ಪ ಹೇಳಬೇಕು. ಪೆಡಸು ಅನ್ನೋ ಪದ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರು ಸಿಟಿಯವರು. ಮಿಡಿಗೇಶಿಯವನು ಅಜ್ಜಿ ಬಾಯಲ್ಲಿ ಚಪಾತಿ ಬಗ್ಗೆ ಕೇಳಿದ್ದನಂತೆ, ಆದರೆ ಅವನೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಗಟ್ಟಿಯಾಗುತ್ತೆ ಅಂತಿದಾರೆ, ಅಂದ್ರೆ ಇನ್ನೂ ಸ್ಟ್ರಾಂಗ್ ಆಗುತ್ತೆ, ಒಳ್ಳೇದೇ ಆಯ್ತಲ್ಲ ಅಂದುಕೊಂಡು ದುಡ್ಡು ಕೊಟ್ಟು ಬಂದ್ವಿ. ಅರ್ಥ ಆಗದ ಪದಕ್ಕೆ ಇಂಗ್ಲಿಷ್ ಲೆಕ್ಚರ್‌ನಲ್ಲಾದರೆ ಕೈ ಎತ್ತುತ್ತಿದ್ವೇನೋ. ಕನ್ನಡದಲ್ಲಿ ಕೇಳೋಕೆ ನಾಚಿಕೆ, ಕನ್ನಡ ಸಂಘದವರು ಬೇರೆ.

ಕೆಲಸದ ಭಾಗ ಚೆನ್ನಾಗೇ ಆಯ್ತು, ಅದನ್ನು ಹೇಳಿಕೊಳ್ಳೋಕೆ ಸಂಕೋಚ ಇಲ್ಲ. ಮೊದಲನೇ ಹೋಸ್ ಒಂದು ಬೆರಳು ಗಿಡ್ಡ ಬಂತು. ಹ್ಯಾಂಡಲ್ ನೆಟ್ಟಗಿದ್ದಾಗ ದಾರ ಹಿಡಿದು ಅಳತೆ ತೆಗೆದಿದ್ವಿ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಪಕ್ಕದ ಕೇಬಲ್ಲುಗಳು ಅದನ್ನ ಎಳೆಯುತ್ತವೆ, ಎಂಜಿನ್ ಅದುರುತ್ತೆ, ಅದಕ್ಕೆಲ್ಲ ಸಡಿಲ ಬೇಕು ಅಂತ ಹೊಳೆದಿರಲಿಲ್ಲ. ಹಿಮ್ಮಡಿ ಮುಟ್ಟೋವಷ್ಟು ಕೂದಲಿದ್ದ ರಾಣಿಯಿಂದ ಮಿಡಿಗೇಶಿಗೆ ಆ ಹೆಸರು ಬಂತು ಅಂತ ಊರಲ್ಲಿ ಹೇಳ್ತಾರೆ. ಅಂಥ ಊರಲ್ಲಿ ನಮ್ಮ ಜಡೆ ಮಾತ್ರ ಗಿಡ್ಡ. ಮತ್ತೆ ಬಸ್ ಹತ್ತಿ ಮಧುಗಿರಿಗೆ ಹೋಗಿ ಉದ್ದದ್ದು ಮಾಡಿಸಿದ್ವಿ. ಗಿಡ್ಡದ್ದನ್ನು ಬಿಸಾಡದೆ ಅಟ್ಟದ ಮೇಲೆ ಇಟ್ಟಿದ್ದು ಮುಂದೆ ಉಪಯೋಗಕ್ಕೆ ಬಂತು.

ಮನೆಯಲ್ಲಿ ಮಾಡೋರಿಗೆ ಕೆಲವು ಮಾತು. ಹೊಸ ಹೋಸನ್ನು ಹಾಗೇ ಹಾಕಬೇಡಿ. ಕತ್ತರಿಸಿದಾಗಿನ ರಬ್ಬರ್ ಪುಡಿ, ತಂತಿ ಚೂರು ಒಳಗೇ ಇರುತ್ತೆ. ಅಂಗಡಿಯಲ್ಲಿ ಗಾಳಿ ಹೊಡೆದುಕೊಟ್ಟಿದ್ದರೂ ನಾವು ಹೊಸ ಎಣ್ಣೆ ಹಾಯಿಸಿ ಬಿಳಿ ಬಟ್ಟೆ ಮೇಲೆ ಸುರಿದಾಗ ಕರಿ ಚುಕ್ಕೆ ಬಂತು. ಅದು ಎಂಜಿನ್ ಒಳಗಿನ ಸಣ್ಣ ಎಣ್ಣೆ ತೂತಿಗೆ ಹೋಗಿ ಕೂತರೆ ಹೋಸ್ ಹೊಸದಾಗಿ ಎಂಜಿನ್ ಹಳೇದಾಗುತ್ತೆ. ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಿ. ಹೊಸದು ಸಿಗದಿದ್ದರೆ ಹಳೇದನ್ನು ಕೆಂಪಗೆ ಕಾಯಿಸಿ ತಣಿಸಿದರೆ ತಾಮ್ರ ಮತ್ತೆ ಮೆತ್ತಗಾಗುತ್ತೆ. ನಾವು ಅಮ್ಮನ ಗ್ಯಾಸ್ ಒಲೆ ಮೇಲೆ ಇಕ್ಕಳದಲ್ಲಿ ಹಿಡಿದು ಕಾಯಿಸಿದ್ವಿ. "ಹಬ್ಬದ ದಿನ ಒಲೆ ಮೇಲೆ ಪೊಂಗಲ್ ಇಡೋದ್ ಬಿಟ್ಟು ವಾಷರ್ ಇಟ್ಟವ್ರೆ" ಅಂತ ಅಮ್ಮ ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದರು. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು, ಒಂದರಲ್ಲಿ ಕೂಲರ್ ಕಡೆಯ ನಟ್ಟನ್ನು ಹಿಡಿದುಕೊಂಡು ಇನ್ನೊಂದರಲ್ಲಿ ತಿರುಗಿಸಬೇಕು. ಇಲ್ಲದಿದ್ದರೆ ತೆಳು ಅಲ್ಯೂಮಿನಿಯಂ ಕುತ್ತಿಗೆಯೇ ತಿರುಚಿಕೊಳ್ಳುತ್ತೆ. ಎಲ್ಲ ಆದಮೇಲೆ ಪ್ಲಗ್ ಬಿಚ್ಚಿ ಎಂಜಿನ್ ಮೈಗೆ ತಾಗಿಸಿಟ್ಟು ಕೆಲವು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಖಾಲಿ ಹೋಸಿಗೆ ಎಣ್ಣೆ ತುಂಬಿಕೊಳ್ಳುತ್ತೆ. ಆಮೇಲೆ ಸ್ಟಾರ್ಟ್ ಮಾಡಿ, ನಿಲ್ಲಿಸಿ, ಲೆವೆಲ್ ನೋಡಿ. ನಮ್ಮದರಲ್ಲಿ ಇಳಿದಿತ್ತು, ಮತ್ತೆ ಹಾಕಿದ್ವಿ.

ಕೂಲರ್ ಬಿಚ್ಚಿದಾಗ ಇನ್ನೊಂದು ಕಂಡಿತು. ಫಿನ್‌ಗಳ ಸಂದಿಯಲ್ಲಿ ಕೆಸರು, ಹುಳದ ರೆಕ್ಕೆ, ಹುರುಳಿ ಹೊಟ್ಟು ಸೇರಿ ಕಾಲು ಭಾಗ ಮುಚ್ಚಿಹೋಗಿತ್ತು. ಹಳೇ ಟೂತ್‌ಬ್ರಷ್, ಸೋಪಿನ ನೀರು, ಅರ್ಧ ಗಂಟೆ. ಇಡೀ ಎರಡು ದಿನದಲ್ಲಿ ನಾವು ಎಣ್ಣೆ ತಣ್ಣಗಾಗೋಕೆ ನಿಜವಾಗಿ ಮಾಡಿದ ಉಪಕಾರ ಅದೊಂದೇ. ಸ್ಟೀಲ್ ಹೋಸ್ ಹಾಕಿದ್ರೆ ಆಯಿಲ್ ಕೂಲ್ ಆಗುತ್ತೆ ಅಂತ ಕ್ಯಾಂಟೀನಲ್ಲಿ ವಾದ ಮಾಡೋರಿದ್ದಾರೆ. ಆ ಸ್ಟೀಲಿನ ಒಳಗಿರೋದು ರಬ್ಬರ್ ಅಥವಾ ಪಿಟಿಎಫ್‌ಇ ಕೊಳವೆ, ಎರಡೂ ಬಿಸಿಯನ್ನು ಹೊರಗೆ ಬಿಡೋಕೆ ಜಿಪುಣರು. ಗಾಳಿಗೆ ಸಿಗೋ ಮೈ ಕೂಲರ್ ಫಿನ್‌ಗಳ ಮುಂದೆ ಏನೂ ಅಲ್ಲ. ನಮ್ಮ ಕಡೆಯಿಂದ ಒಂದು ಟೂತ್‌ಬ್ರಷ್ ಫ್ರೀ.

ಕೆಳಗಿಳಿಸಿದ ಹಳೇ ಎಣ್ಣೆಯನ್ನು ಅಪ್ಪ ಕೊಟ್ಟಿಗೆ ಕಂಬಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳಿಯೋಕೆ ಇಟ್ಟುಕೊಂಡರು. ಊರಲ್ಲಿ ಎಲ್ಲರೂ ಮಾಡೋದು ಅದನ್ನೇ. ಕಾಯಿದೆ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ ಅಂತ ನಾವು ಶುರು ಮಾಡಿದ್ವಿ. "ಹಂಗಾದ್ರೆ ತಗಂಡೋಗೋರು ಯಾರು, ಕರ್ಕಂಡ್ ಬನ್ನಿ" ಅಂದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಚರಂಡಿಗೆ ಚೆಲ್ಲಲಿಲ್ಲ ಅನ್ನೋ ಸಮಾಧಾನದಲ್ಲಿ ಆ ವಿಷಯ ಬಿಟ್ವಿ.

ಒಂದು ಹನಿ ಲೀಕ್ ಇಲ್ಲ. ಕಾಲೇಜಿಗೆ ವಾಪಸ್ ಬಂದು ಒಂದು ತಿಂಗಳು ಎಲ್ಲರಿಗೂ ಹೇಳಿಕೊಂಡಿದ್ದು ನೆನೆಸಿಕೊಂಡರೆ ಈಗ ಮುಜುಗರ. "180 ಬಾರ್ ಹಾಕಿದೀವಿ ಮಗಾ, ಜೆಸಿಬಿದು."

ಈ 180ರ ಲೆಕ್ಕ ನಮ್ಮದೇ ಸಿಲಬಸ್‌ನಲ್ಲಿದೆ. ಕಾರಿನ ಟೈರಿನ ಗಾಳಿ 2 ಬಾರ್ ಚಿಲ್ಲರೆ. ನಮ್ಮಂಥ ಬೈಕಿನ ಆಯಿಲ್ ಪಂಪು ಕೊಡೋದು ಕೆಲವೇ ಬಾರ್, ಬೆಳಗಿನ ಚಳಿಗೆ ಎಣ್ಣೆ ಮಂದ ಇದ್ದಾಗ ಸ್ವಲ್ಪ ಹೆಚ್ಚು, ಹೆಚ್ಚಾದದ್ದನ್ನು ರಿಲೀಫ್ ವಾಲ್ವ್ ಬಿಟ್ಟುಬಿಡುತ್ತೆ. 5 ಬಾರ್ ಅಂತಲೇ ಹಿಡಿಯೋಣ. ಹೋಸಿನ ಒಳ ವ್ಯಾಸ 9.5 ಮಿಮೀ, ವಿಸ್ತೀರ್ಣ ಸುಮಾರು 71 ಚದರ ಮಿಮೀ. 5 ಬಾರ್ ಅಂದ್ರೆ ಚದರ ಮಿಲಿಮೀಟರಿಗೆ 0.5 ನ್ಯೂಟನ್. ಗುಣಿಸಿದರೆ 35 ನ್ಯೂಟನ್. ಅಂದರೆ ಹೋಸಿನ ತುದಿಯನ್ನು ಎಣ್ಣೆ ಕಿತ್ತು ಎಸೆಯೋಕೆ ಎಳೀತಿರೋ ಬಲ ಮೂರೂವರೆ ಕೇಜಿ ಅಕ್ಕಿ ಚೀಲದಷ್ಟು. 180 ಬಾರ್ ಆದರೆ ಅದೇ ಲೆಕ್ಕ 130 ಕೇಜಿಗೆ ಹೋಗುತ್ತೆ. ಮೂರೂವರೆ ಕೇಜಿ ಹೊರೋಕೆ 130 ಕೇಜಿ ಹೊರೋವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ವಿ. ತಪ್ಪೇನಿಲ್ಲ. ಆದರೆ ಆ ಪೈಲ್ವಾನನಿಗೆ ಬಿಸಿಲು ಆಗುತ್ತಾ ಅಂತ ಕೇಳಿರಲಿಲ್ಲ.

ಮಾರ್ಚ್‌ನಲ್ಲಿ ಮೆಟೀರಿಯಲ್ ಸೈನ್ಸ್ ಕ್ಲಾಸಿನಲ್ಲಿ ರಬ್ಬರ್‌ಗಳ ಪಾಠ. ಬಿಸಿಯಲ್ಲಿ ಹೆಚ್ಚು ಕಾಲ ಇಟ್ಟರೆ ನೈಟ್ರೈಲ್ ರಬ್ಬರಿನ ಸರಪಳಿಗಳ ನಡುವೆ ಹೊಸ ಕೊಂಡಿ ಬೀಳುತ್ತವೆ, ರಬ್ಬರ್ ಬಾಗೋ ಗುಣ ಕಳೆದುಕೊಂಡು ಗಟ್ಟಿಯಾಗುತ್ತೆ, ಆಮೇಲೆ ಬಿರಿಯುತ್ತೆ. ಸ್ಥೂಲ ಲೆಕ್ಕದಲ್ಲಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಮೇಷ್ಟ್ರು ಇಂಗ್ಲಿಷಿನಲ್ಲೇ ಹೇಳ್ತಿದ್ದರು. ಮಧ್ಯದಲ್ಲಿ ಯಾಕೋ ಕನ್ನಡಕ್ಕೆ ತಿರುಗಿ, "ಹಳೇ ಹವಾಯಿ ಚಪ್ಪಲಿ ಪೆಡಸಾಗಲ್ವಾ, ಹಾಗೆ" ಅಂದರು.

ಹಿಂದಿನ ಬೆಂಚಲ್ಲಿ ಕೂತಿದ್ದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಕ್ಲಾಸಿಂದ ಹೊರಬಂದು, ಹೋಸಿನ ಮೇಲೆ ಅಚ್ಚಾಗಿದ್ದ ಅಕ್ಷರಗಳ ಫೋಟೋ ಹುಡುಕಿದ್ವಿ. ಇಎನ್ 853, 1ಎಸ್‌ಎನ್. ಒಂದು ಪದರ ಉಕ್ಕಿನ ತಂತಿ ಜಡೆ ಇರೋ ಹೈಡ್ರಾಲಿಕ್ ಹೋಸ್. ಆ ಮಾನದಂಡದಲ್ಲಿ ಉಷ್ಣತೆಯ ಮಿತಿ ಮೈನಸ್ 40ರಿಂದ 100 ಡಿಗ್ರಿ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಗೆ ಅದು ಸಾಕು, ಆ ಎಣ್ಣೆ ಅಷ್ಟು ಕಾದರೆ ಟ್ರ್ಯಾಕ್ಟರೇ ಕೆಟ್ಟಿದೆ ಅಂತ ಅರ್ಥ. ಎಂಜಿನ್ ಆಯಿಲ್ ಹಾಗಲ್ಲ. ಡಬ್ಬದ ಮೇಲಿರೋ 20ಡಬ್ಲ್ಯೂ-50ಯಲ್ಲಿ ಆ 50 ಅನ್ನೋ ಗ್ರೇಡನ್ನು ಅಳೆಯೋದೇ 100 ಡಿಗ್ರಿಯಲ್ಲಿ. ಅಲ್ಲಿ ಅದರ ಸ್ನಿಗ್ಧತೆ 16.3ರಿಂದ 21.9 ಸೆಂಟಿಸ್ಟೋಕ್ಸ್ ಒಳಗಿರಬೇಕು. ಅಂದರೆ ಹೋಸ್ ತಯಾರಿಸಿದವರ ಕೊನೆ ಗೆರೆ ಎಲ್ಲಿದೆಯೋ ಅದು ಎಣ್ಣೆ ತಯಾರಿಸಿದವರಿಗೆ ಮಾಮೂಲಿ ದಿನ. ಗಾಳಿಯಿಂದ ತಣಿಯೋ ಎಂಜಿನ್ ಬೇಸಿಗೆಯಲ್ಲಿ ಇಬ್ಬರನ್ನು ಹೊತ್ತು ಏರು ಹತ್ತಿದರೆ ಎಣ್ಣೆ 100 ದಾಟೋದು ದೊಡ್ಡ ವಿಷಯವೇ ಅಲ್ಲ.

ಗೆಳೆಯ ಅಲ್ಲೇ ಮೆಟ್ಟಿಲ ಮೇಲೆ ನಿಂತು ಮನೆಗೆ ಫೋನ್ ಮಾಡಿದ.

"ಅಪ್ಪ, ಗಾಡಿ ಎಲ್ಲಿದೆ?"

"ಪಾವಗಡದಾಗಿದೀನಿ ಕಣೋ. ಮದುವೆಗೆ ಬಂದಿದ್ದೆ. ನಿಮ್ಮಮ್ಮನೂ ಬಂದವ್ಳೆ."

"ಆ ಹೋಸ್ ಒಂದ್ಸಲ ಮುಟ್ಟಿ ನೋಡಪ್ಪ. ಎಣ್ಣೆ ಬಂದಿದ್ಯಾ?"

"ನೀವೇ ತಾನೇ ಹಾಕಿದ್ದು? ಜೆಸಿಬಿದು ಅಂದ್ರಿ. ಈಗ ನೀವೇ ಮುಟ್ಟಿ ನೋಡು ಅಂತೀರ."

ಪಾವಗಡ ಅಂದ್ರೆ ಗೊತ್ತಲ್ಲ. ಮಳೆ ನಂಬೋಕಾಗಲ್ಲ, ಬಿಸಿಲು ನಂಬಬಹುದು ಅಂತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಿಂತಿರೋ ತಾಲ್ಲೂಕು. ಮಾರ್ಚ್ ಮಧ್ಯಾಹ್ನ, ಗಾಡಿ ಮೇಲೆ ಇಬ್ಬರು, ವಾಪಸ್ ಬರೋ ದಾರಿ ಪೂರ್ತಿ ಬಯಲು. ಅಮ್ಮ ಒಂದೇ ಕಡೆ ಕಾಲು ಹಾಕಿ ಕೂರೋದು. ಸಂಜೆ ಬಿಸಿಲು ಇಳಿದ ಮೇಲೆ ನಿಧಾನಕ್ಕೆ ಬಾ, ದಾರೀಲಿ ನಿಲ್ಲಿಸ್ತಾ ಬಾ ಅಂತ ಹೇಳಿ ಇಟ್ಟ. ಆಮೇಲೆ ನಾವು ಮೂವರೂ ಏನೂ ಮಾಡಲಿಲ್ಲ. ಲ್ಯಾಬಿಗೆ ಹೋಗಲಿಲ್ಲ, ಊಟಕ್ಕೆ ಹೋಗಲಿಲ್ಲ. ರಾತ್ರಿ ಒಂಬತ್ತಕ್ಕೆ ಫೋನ್ ಬಂತು, "ಮುಟ್ಟಿದ್ವಿ ಬಿಡು, ಉಂಡ್ಕಳಿ."

ಹೋಸ್ ಒಡೆದೇ ಬಿಡ್ತಿತ್ತು ಅಂತ ನಾವು ಹೇಳ್ತಿಲ್ಲ. ಬಹುಶಃ ಇನ್ನೊಂದು ವರ್ಷ ಬರ್ತಿತ್ತೇನೋ. ವಿಷಯ ಅದಲ್ಲ. ಎಷ್ಟು ದಿನ ಬರುತ್ತೆ ಅಂತ ನಾವು ಯೋಚನೆಯೇ ಮಾಡಿರಲಿಲ್ಲ, ಮಾಡದೆ ಅವರ ಕೈಗೆ ಕೀ ಕೊಟ್ಟಿದ್ವಿ.

ಯುಗಾದಿಗೆ ಹೋಗಿ ಬಿಚ್ಚಿದ್ವಿ. ಹೊರಗಿಂದ ನೋಡಿದರೆ ಹೊಸದರ ಹಾಗೇ ಇತ್ತು, ಬಿರುಕಿಲ್ಲ, ಲೀಕಿಲ್ಲ. ಆಗ ಅಟ್ಟದ ಮೇಲಿನ ಗಿಡ್ಡ ಹೋಸ್ ನೆನಪಾಯ್ತು. ಅದೇ ಅಂಗಡಿ, ಅದೇ ರೋಲು, ಒಂದು ದಿನವೂ ಬಿಸಿ ಎಣ್ಣೆ ಕಾಣದ್ದು. ಎರಡನ್ನೂ ಒಂದೇ ಉದ್ದಕ್ಕೆ ಕಿಟಕಿ ಸರಳಿಗೆ ಬಿಗಿದು, ತುದಿಗೆ ಅಮ್ಮನ ಹತ್ತಿರವಿದ್ದ ಒಂದು ಕೇಜಿ ತೂಕದ ಬಟ್ಟು ನೇತುಹಾಕಿದ್ವಿ. ಅಟ್ಟದ್ದು ನಾಲ್ಕು ಬೆರಳು ಬಾಗಿತು. ಓಡಿದ್ದರಲ್ಲಿ ಎಂಜಿನ್ ಕಡೆಯ ತುದಿ ಎರಡೂವರೆ ಬೆರಳು. ಒಂದೊಂದೇ ಸ್ಯಾಂಪಲ್, ಬೆರಳಿನ ಅಳತೆ, ಇದನ್ನು ಯಾವ ಜರ್ನಲ್ಲೂ ಹಾಕಲ್ಲ ಅಂತ ನಮಗೂ ಗೊತ್ತು. ಆದರೆ ಕೈಯಲ್ಲಿ ಹಿಡಿದು ಬಗ್ಗಿಸಿದರೆ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತೆ. ಪೆಡಸು ಅಂದರೆ ಏನು ಅಂತ ನಮಗೆ ಪೂರ್ತಿ ತಿಳಿದಿದ್ದು ಆವಾಗ.

ಇನ್ನೊಂದು ವಿಷಯವೂ ಅವತ್ತೇ ಕಂಡಿದ್ದು. ಮೂಲ ಹೋಸ್ ಸೀಳಿದ್ದ ಜಾಗದ ಎದುರಿಗೆ ಫ್ರೇಮಿನ ಪೇಂಟ್ ಒಂದು ಬೆರಳಗಲ ಉಜ್ಜಿ ಹೊಳೀತಿತ್ತು. ಹೋಸನ್ನು ಫ್ರೇಮಿನಿಂದ ದೂರ ಹಿಡಿಯೋ ಒಂದು ಸಣ್ಣ ಕ್ಲಿಪ್ ಇರಬೇಕಾಗಿತ್ತು, ಅದು ಯಾವ ಕಾಲದಲ್ಲಿ ಬಿದ್ದುಹೋಗಿತ್ತೋ. ಹತ್ತು ವರ್ಷ ಬಿಸಿ ತಡೆದ ಹೋಸನ್ನು ಕೊಂದಿದ್ದು ಆ ಕ್ಲಿಪ್ಪಿನ ಗೈರುಹಾಜರಿ. ಸಂಕ್ರಾಂತಿಯಲ್ಲಿ ನಾವು ಇದನ್ನು ನೋಡಲೇ ಇಲ್ಲ, ಯಾಕೆಂದರೆ ಹೋಸ್ ವೀಕ್ ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ವಿ. ಕಿಟ್ ಬಂದು ಸ್ಟೀಲ್ ಜಡೆ ಹಾಕಿದ್ದರೆ ಇನ್ನೂ ತಮಾಷೆ. ಆ ಜಡೆ ಗರಗಸ ಇದ್ದ ಹಾಗೆ, ಅದುರುವಾಗ ತಾನು ಸವೆಯಲ್ಲ, ಪಕ್ಕದಲ್ಲಿರೋದನ್ನ ಸವೆಸುತ್ತೆ. ಫ್ರೇಮ್ ಆಗಲಿ, ಕೂಲರ್ ಆಗಲಿ, ವೈರ್ ಆಗಲಿ. ಪಾರ್ಕಿಂಗ್‌ನಲ್ಲಿ ಜಡೆ ಹಾಕಿಸಿಕೊಂಡವರು ಇವತ್ತು ಸಂಜೆಯೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹೋಸ್ ಎಲ್ಲಿ ತಾಗುತ್ತೆ ನೋಡಿ. ತಾಗಿದರೆ ಒಂದು ರಬ್ಬರ್ ಕವಚ ಹಾಕಿ.

ನೀಲಿ ಸಿಲಿಕಾನ್ ಪೈಪಿನ ಮಹಾಶಯರೇ, ನಿಮಗೆ ಬೇರೆಯಾಗಿ ಹೇಳಬೇಕು. ಸಿಲಿಕಾನ್ ಬಿಸಿ ಚೆನ್ನಾಗಿ ತಡೆಯುತ್ತೆ, ನೀರಿನ ರೇಡಿಯೇಟರ್‌ಗೆ ಸೂಪರ್. ಬಿಸಿ ಎಂಜಿನ್ ಆಯಿಲ್‌ಗೆ ಮಾತ್ರ ಆಗಿಬರಲ್ಲ, ಮೆತ್ತಗಾಗಿ ಜಿನುಗುತ್ತೆ. ಕಾರ್ ರೇಡಿಯೇಟರಿನ ಕಪ್ಪು ಇಪಿಡಿಎಂ ಪೈಪು ಅದಕ್ಕಿಂತ ಕೆಟ್ಟದ್ದು, ಪೆಟ್ರೋಲಿಯಂ ಎಣ್ಣೆ ಕುಡಿದು ಊದಿಕೊಳ್ಳುತ್ತೆ. ಕಣ್ಣಿಗೆ ಎಲ್ಲ ಕಪ್ಪು ರಬ್ಬರೂ ಒಂದೇ, ಎಣ್ಣೆಗೆ ಅಲ್ಲ. ಜೊತೆಗೆ ನೀವು ನುಣುಪಾದ ಪೈಪಿನ ಮೇಲೆ ಬರೀ ಕ್ಲಿಪ್ ಬಿಗಿದಿದ್ದೀರಿ. ಆ ಮೂರೂವರೆ ಕೇಜಿ ಅದಕ್ಕೆ ಸಾಕು.

ಹಾಗಂತ ಸ್ಟೀಲ್ ಜಡೆ ಯಾವತ್ತೂ ಬೇಡ ಅಂತಲ್ಲ. ಒಳಗೆ ಪಿಟಿಎಫ್‌ಇ ಇರೋ ಒಳ್ಳೇ ಹೋಸ್ 200 ಡಿಗ್ರಿ ದಾಟಿದರೂ ತಡೆಯುತ್ತೆ. ಕೂಲರ್ ಜಾಗ ಬದಲಾಯಿಸಿದವರಿಗೆ, ಟ್ರ್ಯಾಕಿಗೆ ಹೋಗೋರಿಗೆ, ಕಂಪನಿ ಪಾರ್ಟೇ ಸಿಗದ ಹಳೇ ಗಾಡಿಯವರಿಗೆ ಅದೇ ಸರಿ. ಆದರೆ ಅದು ಪೆಡಸು ಹುಟ್ಟಿನಿಂದಲೇ, ಜಾಸ್ತಿ ಬಗ್ಗಿಸಿದರೆ ಮಡಚಿಕೊಂಡು ಎಣ್ಣೆ ದಾರಿಯೇ ಮುಚ್ಚುತ್ತೆ. ಚೆನ್ನಾಗಿ ಕಾಣುತ್ತೆ ಅಂತ ಹಾಕಿಸಿಕೊಂಡಿದ್ದರೆ ನಮಗೆ ತಕರಾರಿಲ್ಲ, ಹಾಗಂತ ಹೇಳಿ ಸಾಕು. ಅಪ್‌ಗ್ರೇಡ್ ಅನ್ನಬೇಡಿ.

ಈ ಕಥೆ ಕೇಳಿದ ಸೀನಿಯರ್ ಒಬ್ಬರು "ಅದಕ್ಕೇ ಮನೇಲಿ ಕೈ ಹಾಕಬಾರದು, ಸರ್ವಿಸ್ ಸೆಂಟರ್‌ಗೆ ಕೊಡಬೇಕಿತ್ತು" ಅಂದರು. ಒಪ್ಪಲ್ಲ. ಕೈ ಹಾಕಿದ್ದರಿಂದಲೇ ಫಿನ್ ಸಂದಿಯ ಹೊಟ್ಟು ಕಂಡಿದ್ದು, ಸವೆದ ಪೇಂಟ್ ಕಂಡಿದ್ದು, ಸಿಲಬಸ್‌ನ 0.5 ನ್ಯೂಟನ್‌ಗೆ ಒಂದು ಅರ್ಥ ಬಂದಿದ್ದು. ನಾವು ಎಡವಿದ್ದು ಸ್ಪ್ಯಾನರ್ ಹಿಡಿದಾಗ ಅಲ್ಲ, ಅಂಗಡಿಯಲ್ಲಿ "ಹೂಂ ಅಣ್ಣ" ಅಂದಾಗ. ಅವರು ಬಿಸಿ ಎಷ್ಟು ಅಂತ ಕೇಳಿದ್ದರು, ಎಚ್ಚರಿಕೆಯನ್ನೂ ಕೊಟ್ಟಿದ್ದರು. "ಪೆಡಸು ಅಂದ್ರೆ ಏನಣ್ಣ?" ಅಂತ ಒಂದು ಮಾತು ಕೇಳಿದ್ದರೆ ಪಾವಗಡದ ಆ ಸಂಜೆ ಇರ್ತಿರಲಿಲ್ಲ. ಯುಗಾದಿ ಮುಗಿಸಿ ವಾಪಸ್ ಬರುವಾಗ ಅಂಗಡಿಗೆ ಹೋಗಿ ಎರಡೂ ಹೋಸ್ ತೋರಿಸಿದ್ವಿ. ಎರಡನ್ನೂ ಬಗ್ಗಿಸಿ ನೋಡಿ, "ಹೇಳಿರ್ಲಿಲ್ವಾ?" ಅಂದರು. ಬೈಲಿಲ್ಲ. ಟೀ ಕುಡಿಸಿದರು.

ಈಗ ಗಾಡಿಯಲ್ಲಿರೋದು ಕಂಪನಿಯ ಅದೇ ಕಪ್ಪು ರಬ್ಬರ್ ಹೋಸ್. ಯುಗಾದಿಗೆ ಮೊದಲೇ ಆರ್ಡರ್ ಮಾಡಿ ತರಿಸಿದ್ದು, ಕಿಟ್‌ನ ಅರ್ಧ ಬೆಲೆಯೂ ಆಗಲಿಲ್ಲ. ಜೊತೆಗೆ ಬಿದ್ದುಹೋಗಿದ್ದ ಆ ಕ್ಲಿಪ್ ಹೊಸದು. ಅಪ್ಪ ಪ್ರತಿ ಭಾನುವಾರ ಟೂತ್‌ಬ್ರಷ್ ಹಿಡಿದು ಫಿನ್ ತೊಳೀತಾರಂತೆ, ಹೋಸನ್ನು ಬೆರಳಲ್ಲಿ ಒತ್ತಿ ನೋಡಿ ನಮಗೆ ಫೋನಲ್ಲಿ ವರದಿ ಕೊಡ್ತಾರೆ, "ಮೆತ್ತಗೈತೆ ಕಣ್ರಪ್ಪ." ಗಿಡ್ಡದ್ದು ಮತ್ತು ಉದ್ದದ್ದು, ಎರಡೂ ಜೆಸಿಬಿ ಹೋಸ್ ನಮ್ಮ ಹಾಸ್ಟೆಲ್ ರೂಮಿನ ಕಿಟಕಿಗೆ ನೇತುಬಿದ್ದಿವೆ. ನೋಡಬೇಕು ಅನ್ನೋರು ಬಂದು ಬಗ್ಗಿಸಿ ನೋಡಬಹುದು. ನೀಲಿ ಪೈಪಿನವರು ಬರುವಾಗ ಗಾಡಿಯನ್ನು ತಳ್ಳಿಕೊಂಡೇ ಬನ್ನಿ.